ಕಟ್ಟೆ ತುಂಬಿದಾಗಲೇ ಬೀದಿಗಿಳಿಯೋಣ!

ಕನ್ನಡದ ತರುಣರೇ,

೨೦೨೪ರ ಮಾರ್ಚ್ ತಿಂಗಳನ್ನು ನೀವು ಮರೆತಿರಲಾರಿರಿ. ಬೆಂಗಳೂರಿನ ಬಡಾವಣೆ ಬಡಾವಣೆಗಳಲ್ಲಿ ನೀರಿನ ಟ್ಯಾಂಕರ್ ಮುಂದೆ ಬಿಂದಿಗೆಗಳ ಸಾಲು. ಕೊಳವೆಬಾವಿಯ ಗುಂಡಿ ಒತ್ತಿದರೆ ಬರುತ್ತಿದ್ದದ್ದು ಬರೀ ಗಾಳಿ. ಏಪ್ರಿಲ್ ಇಡೀ ತಿಂಗಳು ನಗರದ ಮಳೆಮಾಪಕಕ್ಕೆ ಒಂದು ಹನಿ ಬೀಳಲಿಲ್ಲ. ತಂಪು ಊರೆಂದು ಹೆಸರಾದ ಬೆಂಗಳೂರಿನಲ್ಲಿ ಏಪ್ರಿಲ್ ೨೮ರಂದು ಬಿಸಿಲು ೩೮.೫ ಡಿಗ್ರಿಗೆ ಏರಿತು. ಆಮೇಲೆ ಜೂನ್ ೨ ಬಂತು. ಒಂದೇ ದಿನದಲ್ಲಿ ೧೧೧.೧ ಮಿಲಿಮೀಟರ್ ಮಳೆ! ಜೂನ್ ತಿಂಗಳ ಒಂದು ದಿನದ ಮಳೆ ಎಂಬ ಲೆಕ್ಕದಲ್ಲಿ ಅದು ೧೩೩ ವರ್ಷಗಳ ದಾಖಲೆಯನ್ನು ಮುರಿಯಿತು. ಟ್ಯಾಂಕರಿನಿಂದ ನೀರು ತುಂಬಿಕೊಂಡಿದ್ದ ಅದೇ ಬಿಂದಿಗೆಯಿಂದ ತಗ್ಗಿನ ಮನೆಗಳ ತಾಯಂದಿರು ಒಳನುಗ್ಗಿದ ನೀರನ್ನು ಮೊಗೆದು ಹೊರಚೆಲ್ಲಿದರು.

ನೀರಿಲ್ಲವೆಂದು ಅತ್ತ ಊರು ಮೂರು ತಿಂಗಳೊಳಗೆ ನೀರು ಹೆಚ್ಚಾಯಿತೆಂದು ಅತ್ತಿತು. ಇದು ಯಾರ ಶಾಪ? ದೇವರದೇ? ನೆರೆಯ ರಾಜ್ಯದ್ದೇ? ದಿಲ್ಲಿಯದೇ?

ಕಾವೇರಿ ಎಂದರೆ ನಮ್ಮ ರಕ್ತ ಕುದಿಯುತ್ತದೆ. ಕುದಿಯಬೇಕು, ತಪ್ಪಿಲ್ಲ. ಆದರೆ ಕುದಿಯುವ ರಕ್ತದ ಜೊತೆಗೆ ಸ್ವಲ್ಪ ಲೆಕ್ಕವೂ ನಮ್ಮ ತಲೆಯಲ್ಲಿರಬೇಕು. ಲೆಕ್ಕವಿಲ್ಲದ ಹೋರಾಟದಿಂದ ಲಾಭವಾಗುವುದು ರಾಜಕಾರಣಿಗಳಿಗೆ ಮಾತ್ರ. ಇಂದು ಆ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತಿದ್ದೇವೆ.

ಆಗಸ್ಟನ್ನು ನಂಬಿ ಕೆಟ್ಟೆವು

೧೯೯೦ರಲ್ಲಿ ಕಾವೇರಿ ನ್ಯಾಯಮಂಡಳಿ ರಚನೆಯಾಯಿತು. ೧೯೯೧ರ ಜೂನ್‌ನಲ್ಲಿ ಮಧ್ಯಂತರ ಆದೇಶ ಬಂತು, ಅದೇ ಡಿಸೆಂಬರ್‌ನಲ್ಲಿ ಬೆಂಗಳೂರು ಹೊತ್ತಿ ಉರಿಯಿತು. ೨೦೦೭ರ ಫೆಬ್ರುವರಿ ೫ರಂದು ಅಂತಿಮ ತೀರ್ಪು ಬಂತು. ಕಾವೇರಿ ಕಣಿವೆಯ ಒಟ್ಟು ನೀರು ೭೪೦ ಟಿಎಂಸಿ. ಅದರಲ್ಲಿ ತಮಿಳುನಾಡಿಗೆ ೪೧೯, ಕರ್ನಾಟಕಕ್ಕೆ ೨೭೦, ಕೇರಳಕ್ಕೆ ೩೦, ಪುದುಚೇರಿಗೆ ೭. ಬಿಳಿಗುಂಡ್ಲುವಿನಲ್ಲಿ ನಾವು ವರ್ಷಕ್ಕೆ ೧೯೨ ಟಿಎಂಸಿ ಹರಿಸಬೇಕು. ಸುಪ್ರೀಂ ಕೋರ್ಟ್ ೨೦೧೮ರ ಫೆಬ್ರುವರಿ ೧೬ರಂದು ಇದನ್ನು ೧೭೭.೨೫ಕ್ಕೆ ಇಳಿಸಿತು. ನಮ್ಮ ಪಾಲು ೨೮೪.೭೫ಕ್ಕೆ ಏರಿತು. ಗೆದ್ದೆವು ಎಂದು ಸಿಹಿ ಹಂಚಿದೆವು.

ಈ ೭೪೦ ಎಂಬ ಅಂಕಿಯನ್ನು ಎಂದಾದರೂ ಕೆದಕಿ ನೋಡಿದ್ದೀರಾ? ಅದು ಹಳೆಯ ದಶಕಗಳ ಹರಿವನ್ನು ಇಟ್ಟುಕೊಂಡು ಹಾಕಿದ ಲೆಕ್ಕ. ಕಾನೂನಿನ ಭಾಷೆಯಲ್ಲಿ ಅದಕ್ಕೆ ಶೇಕಡಾ ೫೦ರ ಭರವಸೆ ಎನ್ನುತ್ತಾರೆ. ಹಾಗೆಂದರೆ ನೂರು ವರ್ಷಗಳಲ್ಲಿ ಐವತ್ತು ವರ್ಷ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ನೀರು ಬರುತ್ತದೆ, ಉಳಿದ ಐವತ್ತು ವರ್ಷ ಇಷ್ಟು ಬರುವುದಿಲ್ಲ! ಹಂಚಿಕೆಯೆಲ್ಲ ನಿಂತಿರುವುದು 'ಸಾಮಾನ್ಯ ವರ್ಷ' ಎಂಬ ಒಂದೇ ಕಂಬದ ಮೇಲೆ.

ತೀರ್ಪಿನಲ್ಲಿ ತಿಂಗಳವಾರು ಪಟ್ಟಿಯೂ ಇದೆ. ಜೂನ್‌ನಲ್ಲಿ ೯.೧೯ ಟಿಎಂಸಿ, ಜುಲೈನಲ್ಲಿ ೩೧.೨೪, ಆಗಸ್ಟ್‌ನಲ್ಲಿ ೪೫.೯೫, ಸೆಪ್ಟೆಂಬರ್‌ನಲ್ಲಿ ೩೬.೭೬. ಎಲ್ಲಕ್ಕಿಂತ ದೊಡ್ಡ ಹೊರೆ ಆಗಸ್ಟ್ ಹೆಗಲ ಮೇಲಿದೆ. ಆಗಸ್ಟ್ ಎಂದರೆ ಶ್ರಾವಣ, ಕೊಡಗಿನಲ್ಲಿ ಮಳೆ ಬಿಡದೆ ಹುಯ್ಯುವ ಕಾಲ ಎಂಬುದು ಅಜ್ಜ ಅಜ್ಜಿಯರಿಂದ ಬಂದ ನಂಬಿಕೆ. ನ್ಯಾಯಾಧೀಶರೂ ಅದನ್ನೇ ನಂಬಿದರು.

೨೦೨೩ರ ಆಗಸ್ಟ್ ಏನು ಮಾಡಿತು? ೧೯೦೧ರಿಂದ ದಾಖಲೆ ಇಟ್ಟ ಮೇಲೆ ಇಡೀ ಭಾರತ ಕಂಡ ಅತ್ಯಂತ ಒಣ ಆಗಸ್ಟ್ ಅದು. ದೇಶದ ಮಳೆಯಲ್ಲಿ ಶೇಕಡಾ ೩೬ರಷ್ಟು ಖೋತಾ. ದೂರದ ಪೆಸಿಫಿಕ್ ಸಾಗರದಲ್ಲಿ ಎಲ್ ನಿನೋ ಎಂಬ ಬಿಸಿ ಎದ್ದಿತ್ತು, ಇಲ್ಲಿ ಕೃಷ್ಣರಾಜಸಾಗರದ ಮಟ್ಟ ಸೆಪ್ಟೆಂಬರ್‌ನಲ್ಲೇ ನೂರು ಅಡಿಗಿಂತ ಕೆಳಗೆ ಕುಸಿದಿತ್ತು. ತುಂಬಿದ ಕಟ್ಟೆ ೧೨೪.೮೦ ಅಡಿ ಎಂಬುದು ಮಂಡ್ಯದ ಮಗುವಿಗೂ ಗೊತ್ತು. ಅಂಥ ಹೊತ್ತಿನಲ್ಲಿ ದಿನಕ್ಕೆ ೫,೦೦೦ ಕ್ಯೂಸೆಕ್‌ನಂತೆ ನೀರು ಬಿಡಿ ಎಂದು ಪ್ರಾಧಿಕಾರದ ಆದೇಶ ಬಂತು. ಸೆಪ್ಟೆಂಬರ್ ೨೬ರಂದು ಬೆಂಗಳೂರು ಬಂದ್, ೨೯ರಂದು ಕರ್ನಾಟಕ ಬಂದ್. ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸರ್ಕಾರವೇ ಘೋಷಿಸಿತು.

ಅದರ ಹಿಂದಿನ ವರ್ಷ? ೨೦೨೨-೨೩ರ ಜಲವರ್ಷದಲ್ಲಿ ಬಿಳಿಗುಂಡ್ಲು ದಾಟಿ ಹೋದದ್ದು ೬೦೦ ಟಿಎಂಸಿಗೂ ಹೆಚ್ಚು! ಕೊಡಬೇಕಾದದ್ದು ೧೭೭.೨೫, ಹೋದದ್ದು ಅದರ ಮೂರು ಪಟ್ಟಿಗೂ ಮೇಲೆ. ಮರುವರ್ಷ ನೂರು ಟಿಎಂಸಿಯೂ ಹೋಗಲಿಲ್ಲ. ಈ ಎರಡು ವರ್ಷಗಳ ನಡುವೆ 'ಸಾಮಾನ್ಯ ವರ್ಷ' ಎಲ್ಲಿದೆ, ಹುಡುಕಿ ಕೊಡಿ ನೋಡೋಣ! ಹದಿನೇಳು ವರ್ಷ ವಾದ ನಡೆಸಿ, ಕಪಾಟುಗಟ್ಟಲೆ ಕಡತ ಬರೆದು ಹಂಚಿಕೊಂಡ ಆ ಸಾಮಾನ್ಯ ವರ್ಷವೇ ಈಗ ನಮ್ಮ ಕೈಬಿಟ್ಟು ಹೋಗುತ್ತಿದೆ.

ಮಳೆಗೆ ಏನಾಗಿದೆ?

ಇದರಲ್ಲಿ ಮಾಟ ಮಂತ್ರವೇನೂ ಇಲ್ಲ, ಹೈಸ್ಕೂಲಿನ ವಿಜ್ಞಾನ. ಗಾಳಿ ಒಂದು ಡಿಗ್ರಿ ಹೆಚ್ಚು ಕಾದರೆ ಅದು ಸುಮಾರು ಶೇಕಡಾ ೭ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ಸುಟ್ಟು ಭೂಮಿಯ ಮೇಲಿನ ಹೊದಿಕೆಯನ್ನು ನಾವು ದಪ್ಪ ಮಾಡಿದ್ದೇವೆ. ಕೈಗಾರಿಕೆ ಬೆಳೆಯುವ ಮುಂಚಿನ ಕಾಲಕ್ಕೆ ಹೋಲಿಸಿದರೆ ೨೦೨೪ರ ಇಡೀ ವರ್ಷದ ಜಾಗತಿಕ ಸರಾಸರಿ ತಾಪಮಾನ ಒಂದೂವರೆ ಡಿಗ್ರಿಯ ಗೆರೆ ದಾಟಿತು.

ಹಳೆಯ ಮನೆಯ ಬಚ್ಚಲಿನ ಹಂಡೆಯನ್ನು ನೆನೆಸಿಕೊಳ್ಳಿ. ಹಂಡೆ ದೊಡ್ಡದಾದರೆ ತುಂಬಲು ಹೆಚ್ಚು ಕೊಡ ನೀರು ಬೇಕು, ಹೆಚ್ಚು ಹೊತ್ತೂ ಬೇಕು. ಅದು ಮಗುಚಿ ಬಿದ್ದರೆ ಮನೆಯೆಲ್ಲ ನೀರು. ಬಿಸಿಯಾದ ಆಕಾಶವೂ ಅಂಥ ದೊಡ್ಡ ಹಂಡೆ. ಅದು ತುಂಬುವಷ್ಟು ದಿನ ನಮ್ಮ ಹೊಲದ ತೇವ, ಕೆರೆಯ ನೀರು, ಗಿಡದ ಹಸಿ ಎಲ್ಲವನ್ನೂ ಹೀರುತ್ತದೆ. ಅದು ಬರ. ಮಗುಚಿದ ದಿನ ತಿಂಗಳ ಮಳೆಯನ್ನು ಒಪ್ಪತ್ತಿನಲ್ಲಿ ಸುರಿಯುತ್ತದೆ. ಅದು ಪ್ರವಾಹ. ಬರವೂ ನೆರೆಯೂ ಒಂದೇ ತಾಯಿಯ ಮಕ್ಕಳು.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು ೨೦೧೭ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ೧೯೫೦ರಿಂದ ೨೦೧೫ರ ನಡುವೆ ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶಗಳ ಮೇಲೆ ಎರಗುವ ಅತಿವೃಷ್ಟಿಗಳು ಮೂರು ಪಟ್ಟಾಗಿವೆ ಎಂದು ಅದು ತೋರಿಸಿತು. ಒಟ್ಟು ಮುಂಗಾರು ಮಳೆ ಮಾತ್ರ ಹೆಚ್ಚಾಗಿರಲಿಲ್ಲ! ಆ ಅತಿವೃಷ್ಟಿಗೆ ನೀರಾವಿಯನ್ನು ಹೊತ್ತು ತರುವುದು ಕಾದ ಅರಬ್ಬೀ ಸಮುದ್ರ. ನಮ್ಮ ಸಹ್ಯಾದ್ರಿಗೆ ಮುಂಗಾರು ಕೊಡುವುದೂ ಅದೇ ಸಮುದ್ರ.

ಪುಸ್ತಕದ ಮಾತು ಬಿಡಿ, ನಮ್ಮ ನಾಡನ್ನೇ ನೋಡಿ. ೨೦೦೯ರಲ್ಲಿ ದೇಶದ ಮುಂಗಾರು ಶೇಕಡಾ ೨೨ರಷ್ಟು ಸೋತಿತ್ತು. ಅದೇ ವರ್ಷದ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಬಿಜಾಪುರ, ಬಾಗಲಕೋಟೆ, ರಾಯಚೂರು ಸೀಮೆಯ ಮೇಲೆ ಆಕಾಶ ಕಳಚಿ ಬಿತ್ತು. ಬರಕ್ಕೆ ಹೆಸರಾದ ನೆಲದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಳೆಗೆ ಸತ್ತರು. ೨೦೧೮ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಮನೆಗಳನ್ನು ಹೊತ್ತುಕೊಂಡು ಜಾರಿದವು. ಜೋಡುಪಾಲ, ಮಕ್ಕಂದೂರುಗಳ ಹೆಸರು ಆಗ ನಾಡಿಗೆಲ್ಲ ಗೊತ್ತಾಯಿತು. ಅದೇ ಮುಂಗಾರಿನಲ್ಲಿ ರಾಜ್ಯದ ೧೦೦ ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು! ೨೦೨೦ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಕುಸಿದು ಅರ್ಚಕರ ಮನೆ ಮಣ್ಣಿನಡಿ ಸೇರಿತು. ೨೦೨೪ರ ಜುಲೈ ೧೬ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಎರಡು ವಾರದಲ್ಲಿ, ಜುಲೈ ೩೦ರಂದು ನಮ್ಮ ಕಬಿನಿ ಹುಟ್ಟುವ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಆ ದಿನದ ಮಳೆಯ ತೀವ್ರತೆಯನ್ನು ಹವಾಮಾನ ಬದಲಾವಣೆ ಸುಮಾರು ಶೇಕಡಾ ೧೦ರಷ್ಟು ಹೆಚ್ಚಿಸಿತ್ತು ಎಂದು ವಿಜ್ಞಾನಿಗಳ ಅಂತರರಾಷ್ಟ್ರೀಯ ತಂಡವೊಂದು ಲೆಕ್ಕ ಹಾಕಿತು.

ಇನ್ನು ೨೦೨೫. ಕೃಷ್ಣರಾಜಸಾಗರ ಕಟ್ಟಿದ ಮೇಲೆ ಮೊದಲ ಬಾರಿಗೆ ಜೂನ್ ತಿಂಗಳಲ್ಲೇ ತುಂಬಿತು. ಜೂನ್ ೩೦ರಂದು ಮುಖ್ಯಮಂತ್ರಿಗಳು ಬಾಗಿನ ಅರ್ಪಿಸಿದರು. ಪತ್ರಿಕೆಗಳ ಮುಖಪುಟದಲ್ಲಿ ತುಂಬಿದ ಕಟ್ಟೆಯ ಬಣ್ಣದ ಚಿತ್ರ. ನಮಗೂ ಸಂತೋಷವೇ. ಆದರೆ ಎರಡು ವರ್ಷದ ಹಿಂದೆ ಆಗಸ್ಟ್‌ನಲ್ಲೂ ತುಂಬದ ಕಟ್ಟೆ ಈಗ ಜೂನ್‌ನಲ್ಲೇ ತುಂಬಿದರೆ ಅದು ಹಬ್ಬವಷ್ಟೇ ಆಗಿ ಉಳಿಯುವುದಿಲ್ಲ, ಎಚ್ಚರಿಕೆಯೂ ಆಗುತ್ತದೆ. ಬಾಗಿನ ಬಿಡುವ ಕೈ ಆ ಎಚ್ಚರಿಕೆಯನ್ನೂ ಓದಬೇಕು.

ಸೋನೆ ಮಳೆ ಎಂಬ ಮಾತು ಎಲ್ಲಿ ಹೋಯಿತು?

ಭಾಷೆಯ ಪತ್ರಿಕೆಗೆ ಮಳೆಯ ಉಸಾಬರಿ ಏಕೆ ಎಂದು ಕೆಲವರು ಮೂಗು ಮುರಿಯಬಹುದು. ಅವರಿಗೆ ಒಂದು ಪ್ರಶ್ನೆ. ಸೋನೆ, ತುಂತುರು, ಜಡಿಮಳೆ, ಬಿರುಮಳೆ, ಅಡ್ಡಮಳೆ, ಮುಂಗಾರು, ಹಿಂಗಾರು... ಮಳೆಗೆ ಕನ್ನಡದಲ್ಲಿ ಎಷ್ಟು ಹೆಸರು! ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಎಂದು ಒಂದೊಂದು ಮಳೆಗೂ ಒಂದೊಂದು ನಕ್ಷತ್ರ, ಒಂದೊಂದು ಬಿತ್ತನೆ, ಒಂದೊಂದು ಗಾದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಳ್ಳಿಯ ಅಜ್ಜಿ ಹೇಳುತ್ತಿದ್ದಳು. ಪಂಚಾಂಗವೇ ಅವಳ ಹವಾಮಾನ ಇಲಾಖೆ.

ವಾರಗಟ್ಟಲೆ ಸಣ್ಣಗೆ ಹಿಡಿದು ನೆಲಕ್ಕೆ ಇಂಗುತ್ತಿದ್ದ ಸೋನೆಯೇ ಕೊಡಗು, ಮಲೆನಾಡುಗಳ ಹೊಳೆಗಳನ್ನು ಬೇಸಿಗೆಯವರೆಗೂ ಬದುಕಿಸುತ್ತಿತ್ತು. ಆ ಮಳೆ ಕಡಿಮೆಯಾಗಿ, ನಾಲ್ಕು ದಿನ ಹುಚ್ಚೆದ್ದು ಸುರಿದು ಹದಿನೈದು ದಿನ ಮುಖ ತೋರಿಸದ ಮಳೆ ಬಂದರೆ, ರೈತ ಯಾವ ನಕ್ಷತ್ರವನ್ನು ನಂಬಿ ಬಿತ್ತಬೇಕು? ಸೋನೆ ನಿಂತ ನಾಡಿನಲ್ಲಿ ಸೋನೆ ಎಂಬ ಮಾತು ಎಷ್ಟು ದಿನ ಬದುಕೀತು? ಇಂಗ್ಲಿಷ್ ಶಾಲೆಯಿಂದ ಮಾತ್ರವೇ ಕನ್ನಡಕ್ಕೆ ಅಪಾಯ ಎಂದುಕೊಂಡಿದ್ದೀರಾ? ನೆಲದ ಬದುಕು ಕೆಟ್ಟರೆ ಆ ಬದುಕಿನ ಭಾಷೆಯೂ ಕೆಡುತ್ತದೆ.

ಇನ್ನೊಂದು ಮಾತು. ಇಂದು ಟಿವಿ ಹಾಕಿದರೆ ರೆಡ್ ಅಲರ್ಟ್, ಆರೆಂಜ್ ಅಲರ್ಟ್, ಯೆಲ್ಲೋ ಅಲರ್ಟ್. ಗುಡ್ಡದ ಕೆಳಗೆ ಮನೆ ಕಟ್ಟಿಕೊಂಡ ಕೂಲಿಯ ಹೆಂಗಸಿಗೆ ಈ ಬಣ್ಣಗಳಿಂದ ಏನು ತಿಳಿಯಬೇಕು? 'ಇಂದು ರಾತ್ರಿ ನಿಮ್ಮ ಗುಡ್ಡದ ಮೇಲೆ ಭಾರೀ ಮಳೆ. ಕತ್ತಲಾಗುವ ಮೊದಲು ಮನೆ ಬಿಟ್ಟು ಶಾಲೆಯ ಕಟ್ಟಡಕ್ಕೆ ಬನ್ನಿ' ಎಂದು ಅವಳ ಕನ್ನಡದಲ್ಲಿ, ತುಳುವಿನಲ್ಲಿ, ಕೊಡವ ಭಾಷೆಯಲ್ಲಿ ಹೇಳಿದರೆ ಜೀವ ಉಳಿಯುತ್ತದೆ. ಬ್ಯಾಂಕಿನ ಚಲನ್ ಕನ್ನಡದಲ್ಲಿರಲಿ ಎಂದು ಹೋರಾಡುವ ನಾವು ಜೀವ ಉಳಿಸುವ ಎಚ್ಚರಿಕೆಗೆ ಹೋರಾಡುವುದು ಬೇಡವೇ?

ಕಾಡು ಕಡಿದವರು ಯಾರು?

ಭೂಮಿ ಬಿಸಿಯಾದದ್ದಕ್ಕೆ ದೊಡ್ಡ ಅಪರಾಧಿಗಳು ಶ್ರೀಮಂತ ದೇಶಗಳು. ಎರಡು ಶತಮಾನ ಹೊಗೆ ಬಿಟ್ಟು ಸಿರಿವಂತರಾದವರು ಅವರು. ಮಂಡ್ಯದ ಕಬ್ಬಿನ ರೈತನಾಗಲಿ ಗದಗಿನ ಜೋಳದ ರೈತನಾಗಲಿ ಆ ಹೊಗೆ ಬಿಟ್ಟವರಲ್ಲ. ಈ ಮಾತನ್ನು ಯಾವ ವೇದಿಕೆಯಲ್ಲಿಯಾದರೂ ಎದೆ ತಟ್ಟಿ ಹೇಳೋಣ.

ಆದರೆ ಬಿದ್ದ ಮಳೆಯನ್ನು ಹಿಡಿಯುವ ಕಾಡನ್ನು ಕಡಿದವರು ಯಾರು? ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವು ಕರೆಯುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದರ ಪ್ರಕಾರ ೧೯೬೫ರಿಂದ ೨೦೧೬ರ ನಡುವೆ ಕಾವೇರಿ ಕಣಿವೆ ತನ್ನ ಸಹಜ ಸಸ್ಯ ಹೊದಿಕೆಯ ಶೇಕಡಾ ೪೬ರಷ್ಟನ್ನು ಕಳೆದುಕೊಂಡಿದೆ. ಹೀಗೆ ಕಳೆದುಹೋದದ್ದರಲ್ಲಿ ಸುಮಾರು ಮುಕ್ಕಾಲು ಪಾಲು ಕರ್ನಾಟಕದ್ದು! ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತಿದೆ, ಆದರೂ ಬರೆಯದೆ ವಿಧಿಯಿಲ್ಲ. ಕಾವೇರಿ ನಮ್ಮ ತಾಯಿ ಎಂದು ಕೂಗಿದ ಬಾಯಿಗಳು ತಾಯಿಯ ಸೆರಗಿಗೆ ಕತ್ತರಿ ಹಾಕುವಾಗ ಎಲ್ಲಿದ್ದವು? ೨೦೧೮ರ ಕೊಡಗಿನ ದುರಂತದ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯೂ ಮನೆ, ರಸ್ತೆಗಳಿಗಾಗಿ ಮನುಷ್ಯರು ಇಳಿಜಾರನ್ನು ಕಡಿದದ್ದರ ಕಡೆಗೇ ಬೆರಳು ತೋರಿಸಿತು. ವಾರಾಂತ್ಯಕ್ಕೆ ಕಾರು ಹತ್ತಿ ಹೋಗಿ ಆ ಇಳಿಜಾರಿನ ಹೋಂಸ್ಟೇಗಳಲ್ಲಿ ಮಲಗಿದವರು ಯಾರು? ನಾವೇ, ಬೆಂಗಳೂರಿನವರೇ.

ಕಾಡಿನ ಕೆಲಸ ನೀರು ಹಿಡಿಯುವುದರಲ್ಲಿ ಮುಗಿಯುವುದಿಲ್ಲ. ಮರ ಬೇರಿನಿಂದ ಎಳೆದ ನೀರನ್ನು ಎಲೆಯಿಂದ ಗಾಳಿಗೆ ಬಿಡುತ್ತದೆ. ಆ ತೇವ ಮುಂಗಾರು ಗಾಳಿಯ ಜೊತೆ ಪೂರ್ವಕ್ಕೆ ಸಾಗಿ ಮತ್ತೆ ಮಳೆಯಾಗುತ್ತದೆ. ತಮಿಳುನಾಡಿಗೆ ಬೀಳುವ ನೈರುತ್ಯ ಮುಂಗಾರು ಮಳೆಯ ಕಾಲು ಭಾಗಕ್ಕೆ ಕಡಿಮೆಯಿಲ್ಲದಷ್ಟು ತೇವ ಪಶ್ಚಿಮ ಘಟ್ಟದ ಕಾಡುಗಳಿಂದ ಹೋಗುತ್ತದೆ ಎಂದು ಮುಂಬಯಿ ಐಐಟಿಯ ಸಂಶೋಧಕರು ೨೦೧೮ರಲ್ಲಿ ತೋರಿಸಿದರು. ಮಳೆ ಸೋತ ವರ್ಷಗಳಲ್ಲಿ ಅದರ ಪಾಲು ಇನ್ನೂ ಹೆಚ್ಚು. ಗಮನಿಸಿದಿರಾ? ಬಿಳಿಗುಂಡ್ಲುವಿನಲ್ಲಿ ಅಳೆದು ಕೊಡುವ ನೀರಿನ ಜೊತೆಗೆ, ಯಾವ ನ್ಯಾಯಮಂಡಳಿಯೂ ಅಳೆಯದ ಇನ್ನೊಂದು ಕಾವೇರಿಯನ್ನು ನಮ್ಮ ಘಟ್ಟ ಆಕಾಶಮಾರ್ಗವಾಗಿ ಕಳಿಸುತ್ತಿದೆ. ನಮ್ಮ ಕಾಡು ಹೋದರೆ ನಮಗೂ ಇಲ್ಲ, ತಂಜಾವೂರಿನ ರೈತನಿಗೂ ಇಲ್ಲ.

ಹಾಗಾದರೆ ಈ ಕಾಡನ್ನು ಕಾಯುವ ಖರ್ಚು ಕೊಡಗಿನವನ, ಮಲೆನಾಡಿನವನ ತಲೆಯ ಮೇಲೆ ಮಾತ್ರ ಏಕೆ? ಕೇಂದ್ರವೂ ಕೊಡಲಿ, ನೀರು ಪಡೆಯುವ ರಾಜ್ಯಗಳೂ ಕೊಡಲಿ ಎಂದು ಕೇಳುವ ನೈತಿಕ ಹಕ್ಕು ನಮಗಿದೆ. ಆದರೆ ನಮ್ಮ ಸರ್ಕಾರ ಮಾಡಿದ್ದೇನು? ಕಸ್ತೂರಿರಂಗನ್ ವರದಿಯ ಮೇಲೆ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ ೨೦,೬೬೮ ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶವೆಂದು ಸೇರಿತ್ತು. ವಯನಾಡು, ಶಿರೂರುಗಳ ಮಣ್ಣು ಆರುವ ಮೊದಲೇ, ೨೦೨೪ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಮಲೆನಾಡಿನ ಸಣ್ಣ ರೈತನ ಭಯ ಸುಳ್ಳಲ್ಲ. ಸೌದೆ ತಂದರೂ ಕೇಸು ಹಾಕುವ ಅಧಿಕಾರಿಗಳನ್ನು ಕಂಡವನು ಅವನು. ಅವನನ್ನು ಕೇಳದೆ ದಿಲ್ಲಿಯಲ್ಲಿ ನಕ್ಷೆಯ ಮೇಲೆ ಗೆರೆ ಎಳೆದದ್ದು ತಪ್ಪೇ. ಅದಕ್ಕೆ ಉತ್ತರ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಆ ನಕ್ಷೆಯನ್ನು ಹರಡಿ ಊರವರೊಂದಿಗೆ ತಿದ್ದುವುದು. ೨೦೧೧ರ ಗಾಡ್ಗೀಳ್ ವರದಿಯೂ ಗ್ರಾಮಸಭೆಯಿಂದಲೇ ಮೊದಲು ಮಾಡಿ ಎಂದಿತ್ತು. ನಕ್ಷೆಯನ್ನೇ ಹರಿದು ಬಿಸಾಡಿದರೆ ಗೆಲ್ಲುವುದು ರೈತನಲ್ಲ. ಗುಡ್ಡ ಅಗೆಯುವ ಗುತ್ತಿಗೆದಾರ, ಕಲ್ಲು ಗಣಿಯ ಧಣಿ, ರೆಸಾರ್ಟಿನ ಮಾಲೀಕ.

ತಲೆಯ ಮೇಲೆ ಬೀಳುವ ೨೫ ಟಿಎಂಸಿ

ಈಗ ಬೆಂಗಳೂರಿಗೆ ಬನ್ನಿ. ೧೯೭೪ರಲ್ಲಿ ಕಾವೇರಿ ನೀರು ಮೊದಲ ಬಾರಿ ಈ ಊರಿಗೆ ಏರಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ, ಕೋಟಿಗಟ್ಟಲೆ ರೂಪಾಯಿ ವಿದ್ಯುತ್ ಸುಟ್ಟು ಎತ್ತಿ ತರುವ ನೀರು ಅದು. ೨೦೨೪ರ ಅಕ್ಟೋಬರ್‌ನಲ್ಲಿ ಐದನೇ ಹಂತವೂ ಬಂತು, ದಿನಕ್ಕೆ ೭೭.೫ ಕೋಟಿ ಲೀಟರ್ ಹೆಚ್ಚುವರಿ. ಒಳ್ಳೆಯದೇ. ಆದರೆ ಕಟ್ಟೆ ಒಣಗಿದ ವರ್ಷ ಆರನೇ ಹಂತ ಕಟ್ಟಿದರೂ ಕೊಳವೆಯಲ್ಲಿ ಬರುವುದು ಗಾಳಿಯೇ.

ಒಂದು ಸಣ್ಣ ಲೆಕ್ಕ ಮಾಡಿ. ಹಳೆಯ ಬಿಬಿಎಂಪಿ ಗಡಿಯ ಬೆಂಗಳೂರು ೭೪೧ ಚದರ ಕಿಲೋಮೀಟರ್. ವರ್ಷಕ್ಕೆ ಬೀಳುವ ಮಳೆ ಸರಾಸರಿ ೯೭೦ ಮಿಲಿಮೀಟರ್ ಆಸುಪಾಸು. ಗುಣಿಸಿದರೆ ಸುಮಾರು ೨೫ ಟಿಎಂಸಿ! ಇಪ್ಪತ್ತೆಂಟು ವರ್ಷ ವ್ಯಾಜ್ಯ ನಡೆಸಿ ೨೦೧೮ರಲ್ಲಿ ನಾವು ಹೆಚ್ಚುವರಿಯಾಗಿ ಪಡೆದದ್ದು ೧೪.೭೫ ಟಿಎಂಸಿ. ಅದರಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು ೪.೭೫. ಮಳೆಯ ಎಲ್ಲ ನೀರನ್ನೂ ಹಿಡಿಯಲಾಗದು, ಆವಿಯಾಗುವುದು ಆಗಿಯೇ ಆಗುತ್ತದೆ. ಕಾಲು ಭಾಗ ಹಿಡಿದರೂ ೬ ಟಿಎಂಸಿ. ಸುಪ್ರೀಂ ಕೋರ್ಟ್ ಬೆಂಗಳೂರಿಗೆ ಕೊಟ್ಟದ್ದಕ್ಕಿಂತ ಹೆಚ್ಚು. ಇದಕ್ಕೆ ಯಾವ ರಾಜ್ಯದ ಒಪ್ಪಿಗೆಯೂ ಬೇಡ, ಯಾವ ವಕೀಲರ ಶುಲ್ಕವೂ ಬೇಡ!

ಹಿಡಿಯುವ ಪಾತ್ರೆಗಳು ನಮ್ಮಲ್ಲಿದ್ದವು. ಧರ್ಮಾಂಬುಧಿ ಕೆರೆ ಎಲ್ಲಿ? ಮೆಜೆಸ್ಟಿಕ್ ಬಸ್ ನಿಲ್ದಾಣದ ಅಡಿಯಲ್ಲಿ. ಸಂಪಂಗಿ ಕೆರೆ ಎಲ್ಲಿ? ಕಂಠೀರವ ಕ್ರೀಡಾಂಗಣದ ಅಡಿಯಲ್ಲಿ. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನವಾಯಿತು. ಒಂದು ಕೆರೆಯ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಹೋಗುವಂತೆ ಹಿರಿಯರು ಸರಪಣಿ ಕಟ್ಟಿದ್ದರು. ತೂಬು ತೆಗೆಯಲು, ಮುಚ್ಚಲು ನೀರಗಂಟಿ ಇದ್ದ. ಆ ಸರಪಣಿಯ ಕೊಂಡಿಗಳಾದ ರಾಜಕಾಲುವೆಗಳ ಮೇಲೆ ನಾವು ಗೋಡೆ ಎಬ್ಬಿಸಿದೆವು. ೨೦೨೨ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರಲ್ಲ, ಆ ನೀರು ಹೊಸದಾಗಿ ಬಂದದ್ದಲ್ಲ. ತನ್ನ ಹಳೆಯ ದಾರಿ ಹುಡುಕಿಕೊಂಡು ಬಂದದ್ದು.

ಮಂಡ್ಯದ ರೈತ ಕೇಳುತ್ತಾನೆ: 'ಸ್ವಾಮಿ, ನಿಮ್ಮೂರಿಗೆ ನೀರು ಬೇಕೆಂದು ನನ್ನ ನಾಲೆ ನಿಲ್ಲಿಸುತ್ತೀರಿ. ನಿಮ್ಮ ತಲೆ ಮೇಲೆ ಬಿದ್ದ ನೀರನ್ನು ಏನು ಮಾಡಿದಿರಿ?' ಇದಕ್ಕೆ ಬೆಂಗಳೂರಿನ ಕನ್ನಡಿಗನ ಬಳಿ ಉತ್ತರವಿದೆಯೇ?

೨೦೩೩ ದೂರವಿಲ್ಲ

'ಹವಾಮಾನ, ಪರಿಸರ ಎಂದು ಮಾತಾಡಿ ಕಾವೇರಿ ಹೋರಾಟದ ಕಾವು ಇಳಿಸುತ್ತಿದ್ದೀರಿ' ಎನ್ನುವವರಿದ್ದಾರೆ. ಗೆಳೆಯರೇ, ಕಾವು ಇಳಿಸುತ್ತಿಲ್ಲ, ಕಾವು ಹೊತ್ತಿಸಬೇಕಾದ ಸಮಯವನ್ನು ತೋರಿಸುತ್ತಿದ್ದೇವೆ. ೧೯೯೧, ೨೦೦೨, ೨೦೧೨, ೨೦೧೬, ೨೦೨೩ ಎಂದು ನಮ್ಮ ಕಾವೇರಿ ಚಳವಳಿಯ ಇಸವಿಗಳನ್ನು ಸಾಲಾಗಿ ಬರೆದು ನೋಡಿ. ಎಲ್ಲವೂ ಜಗಳದ ವರ್ಷಗಳು, ಬಹುತೇಕ ಮಳೆ ಸೋತ ವರ್ಷಗಳು. ೨೦೧೬ರ ಸೆಪ್ಟೆಂಬರ್ ೧೨ರಂದು ಬಸ್ಸುಗಳು ಬೆಂಕಿಗೆ ಆಹುತಿಯಾದವು. ಒಂದು ಹನಿ ನೀರು ಹೆಚ್ಚಾಯಿತೇ? ಬಡ ಚಾಲಕ ಕೆಲಸ ಕಳೆದುಕೊಂಡ, ಗೋಲಿಬಾರ್ ಆಯಿತು, ಕನ್ನಡಿಗ ಗಲಭೆಕೋರ ಎಂಬ ಹೆಸರು ದಿಲ್ಲಿಯಲ್ಲಿ ಉಳಿಯಿತು. ಮರುವರ್ಷ ಮಳೆ ಬಂದರೆ ನಾವೂ ಮರೆತೆವು, ಸರ್ಕಾರವೂ ಮರೆಯಿತು. ಈ ತಪ್ಪಿನಲ್ಲಿ ನಮ್ಮ ಸಂಘಟನೆಗಳ ಪಾಲೂ ಇದೆ, ಒಪ್ಪಿಕೊಳ್ಳುತ್ತೇವೆ.

ನೀರು ಕಡಿಮೆಯಾದರೆ ಪಾಲನ್ನು ಅದೇ ಪ್ರಮಾಣದಲ್ಲಿ ಇಳಿಸಿ ಎಂದು ನ್ಯಾಯಮಂಡಳಿ ಹೇಳಿದ್ದೇನೋ ನಿಜ. ಆದರೆ ಯಾವ ವಾರ, ಯಾವ ಮಟ್ಟದಲ್ಲಿ, ಕುಡಿಯುವ ನೀರನ್ನು ಎಷ್ಟು ಬದಿಗಿಟ್ಟು, ಎಷ್ಟು ಇಳಿಸಬೇಕು? ಎರಡೂ ರಾಜ್ಯಗಳು ಒಪ್ಪಿದ ಸಂಕಷ್ಟ ಸೂತ್ರ ಇಲ್ಲ. ಇಬ್ಬರ ಗಂಟಲೂ ಒಣಗಿದಾಗ ಸೂತ್ರ ಬರೆಯಲು ಕೂತರೆ ಅದು ಜಗಳವಾಗುತ್ತದೆ. ಎರಡೂ ಕಡೆ ಕಟ್ಟೆ ತುಂಬಿರುವಾಗ ಕೂತರೆ ಮಾತಾಗುತ್ತದೆ.

೨೦೧೮ರ ತೀರ್ಪು ಹದಿನೈದು ವರ್ಷ ಈ ಹಂಚಿಕೆಯನ್ನು ಕದಲಿಸುವಂತಿಲ್ಲ ಎಂದಿದೆ. ಅಂದರೆ ೨೦೩೩ರವರೆಗೆ. ಇಂದು ಕಾಲೇಜಿನಲ್ಲಿರುವ ನೀವು ಅಂದು ಮನೆ ಮಠ ಕಟ್ಟಿಕೊಂಡು ಈ ನಾಡಿನ ಜವಾಬ್ದಾರಿ ಹೊತ್ತವರಾಗಿರುತ್ತೀರಿ. ಮತ್ತೆ ಅದೇ ಹಳೆಯ ಸಾಮಾನ್ಯ ವರ್ಷದ ಲೆಕ್ಕದ ಮೇಲೆ ವಾದ ಮಾಡುತ್ತೀರಾ? ಬದಲಾದ ಮಳೆಯ ಲೆಕ್ಕವನ್ನು ಕೈಯಲ್ಲಿ ಹಿಡಿದು ಹೋಗುತ್ತೀರಾ? ೧೯೮೮ರಲ್ಲೇ ಬರ ಪರಿವೀಕ್ಷಣೆಗೆಂದು ದೇಶದಲ್ಲೇ ಮೊದಲು ಕೇಂದ್ರ ತೆರೆದ ರಾಜ್ಯ ನಮ್ಮದು. ಇಂದು ಅದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳಿವೆ. ಆ ಅಂಕಿಗಳೇ ೨೦೩೩ರಲ್ಲಿ ನಮ್ಮ ಅಸ್ತ್ರ.

ಆದ್ದರಿಂದ ನಮ್ಮ ಹಕ್ಕೊತ್ತಾಯಗಳು ಇಷ್ಟು.

ಒಂದು, ಕಟ್ಟೆ ತುಂಬಿದ ವರ್ಷವೇ, ಬಾಗಿನ ಬಿಟ್ಟ ವಾರವೇ, ಸಂಕಷ್ಟ ಸೂತ್ರಕ್ಕಾಗಿ ಸರ್ಕಾರ ತಮಿಳುನಾಡನ್ನು ಮಾತಿಗೆ ಕರೆಯಬೇಕು. ಎರಡೂ ಕಡೆಯ ರೈತರು ಆ ಮೇಜಿನಲ್ಲಿರಬೇಕು.

ಎರಡು, ಕಾವೇರಿ ತೀರ್ಪು, ತಿಂಗಳವಾರು ಪಟ್ಟಿ, ಕಟ್ಟೆಗಳ ಒಳಹರಿವು, ಮಳೆಯ ಅಂಕಿ ಇವೆಲ್ಲ ಸರಳ ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲಿರಬೇಕು. ತನ್ನ ಹಣೆಬರಹವನ್ನು ರೈತ ತನ್ನ ಭಾಷೆಯಲ್ಲಿ ಓದಲಿ.

ಮೂರು, ಮಳೆ, ಗುಡ್ಡಕುಸಿತ, ನೆರೆಯ ಎಚ್ಚರಿಕೆ ಜನರ ಮಾತಿನಲ್ಲಿ ಬರಬೇಕು. ಏನು ಮಾಡಬೇಕು, ಎಲ್ಲಿಗೆ ಹೋಗಬೇಕು ಎಂಬುದೂ ಅದರಲ್ಲಿರಬೇಕು.

ನಾಲ್ಕು, ಘಟ್ಟದ ಕಾಡು ಉಳಿಸುವ ನಕ್ಷೆ ಗ್ರಾಮಸಭೆಯಲ್ಲಿ ತಯಾರಾಗಬೇಕು. ಅದನ್ನು ಕಾಯುವವನಿಗೆ ಕೇಂದ್ರ ಹಣ ಕೊಡಬೇಕು.

ಐದನೆಯದು ಸರ್ಕಾರಕ್ಕಲ್ಲ, ನಮಗೆ. ಪ್ರತಿಯೊಂದು ಕನ್ನಡ ಸಂಘ ತನ್ನ ಬಡಾವಣೆಯ ಒಂದು ಕೆರೆ ಅಥವಾ ಒಂದು ರಾಜಕಾಲುವೆಯನ್ನು ಆರಿಸಿಕೊಳ್ಳಲಿ. ಕಂದಾಯ ನಕ್ಷೆ ತೆಗೆಸಿ ಅದರ ಗಡಿ ಗುರುತಿಸಲಿ. ಒತ್ತುವರಿದಾರ ಕನ್ನಡಿಗನಾದರೂ ಸರಿ, ಕನ್ನಡಿಗನೆಂದು ಅವನಿಗೆ ರಿಯಾಯಿತಿ ಬೇಡ. ರಾಜ್ಯೋತ್ಸವದ ಧ್ವಜ ಏರುವ ಪ್ರತಿ ಕಟ್ಟಡದ ತಾರಸಿಯ ನೀರು ಇಂಗುಗುಂಡಿಗೆ ಇಳಿಯಲಿ.

ತರುಣರೇ, ಒಣಗಿದ ಕಟ್ಟೆಯ ಮುಂದೆ ಕೂಗುವುದು ಸುಲಭ. ಅಲ್ಲಿ ಟಿವಿ ಕ್ಯಾಮೆರಾಗಳಿರುತ್ತವೆ, ಖಾದಿಧಾರಿಗಳೂ ಓಡಿ ಬರುತ್ತಾರೆ. ತುಂಬಿದ ಕಟ್ಟೆಯ ಮುಂದೆ ನಿಂತು 'ಮುಂದಿನ ಬರಕ್ಕೆ ಏನು ಮಾಡಿದ್ದೀರಿ?' ಎಂದು ಕೇಳುವುದು ಕಷ್ಟ. ಮುಂದಿನ ಬಾರಿ ಮುಖ್ಯಮಂತ್ರಿಗಳು ಬಾಗಿನದ ಮೊರ ಹಿಡಿದು ಬರುವಾಗ ಕನ್ನಂಬಾಡಿಯ ರಸ್ತೆಯಲ್ಲಿ ಕೆಂಪು ಹಳದಿ ಬಾವುಟ ಹಿಡಿದು ನಾವು ಶಾಂತವಾಗಿ ನಿಂತಿರೋಣ. ಬಾವುಟದ ಜೊತೆ ಒಂದೇ ಫಲಕವಿರಲಿ: 'ಸಂಕಷ್ಟ ಸೂತ್ರ ಎಲ್ಲಿ?'

ಸಿರಿಗನ್ನಡಂ ಗೆಲ್ಗೆ!